ಬಿಲ್ಲೆ ತೊಟ್ಟ ಕಾಡುದನಗಳ ಹಿಂದೆ ಏಳು ದಿನ

ಮೂವತ್ತೊಂದು ವರ್ಷ ಪಶುಸಂಗೋಪನಾ ಇಲಾಖೆಯಲ್ಲಿ ದುಡಿದವನು ನಾನು. ಕಡೂರು, ತರೀಕೆರೆ ಕಡೆಯ ಹಳ್ಳಿಗಳಲ್ಲಿ ದನಗಳ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹೊಡೆದದ್ದು ನಿವೃತ್ತಿಗೆ ಮುಂಚಿನ ನನ್ನ ಕೊನೆಯ ದೊಡ್ಡ ಕೆಲಸ. ಒಂದು ಅಮೃತಮಹಲ್ ಹಸು ಬಿಲ್ಲೆ ಹಾಕಿಸಿಕೊಳ್ಳಲು ಒಪ್ಪದೆ ನನ್ನ ಎಡಗೈ ಮಣಿಕಟ್ಟು ಮುರಿದಿತ್ತು. ಮಳೆಗಾಲದಲ್ಲಿ ಈಗಲೂ ನೋಯುತ್ತದೆ.

ಮಗಳು, ಅಳಿಯ ನೆದರ್ಲೆಂಡ್ಸಿನ ಅಲ್ಮೇರೆಯಲ್ಲಿದ್ದಾರೆ. ಮೇ ತಿಂಗಳಲ್ಲಿ ಹೋದೆವು. ವೀಸಾ, ವಿಮಾನ, ನಿದ್ದೆಗೆಟ್ಟ ಮೊದಲ ಎರಡು ರಾತ್ರಿಗಳ ಕಥೆ ಎಲ್ಲರ ಮನೆಯಲ್ಲೂ ಒಂದೇ, ಬಿಡುತ್ತೇನೆ. "ಏನು ನೋಡಬೇಕು ಹೇಳಿ ಅಪ್ಪಾ" ಎಂದು ಮಗಳು ಕೇಳಿದಾಗ, "ಸತ್ತುಹೋದ ದನವನ್ನು ಮತ್ತೆ ಹುಟ್ಟಿಸಲು ಹೊರಟಿದ್ದಾರಂತಲ್ಲ, ಅದನ್ನು" ಎಂದೆ. ಹೆಂಡತಿ ಸೂಟ್‌ಕೇಸಿನಿಂದ ಚಟ್ನಿಪುಡಿ ತೆಗೆಯುತ್ತಿದ್ದವಳು ಕೈ ನಿಲ್ಲಿಸಿ, "ಸಾವಿರಾರು ಮೈಲಿ ಹಾರಿ ಬಂದು ಮತ್ತೆ ಕೊಟ್ಟಿಗೆಗೇ ಹೋಗಬೇಕೇನ್ರೀ?" ಎಂದಳು.

ಮೊದಲ ದಿನ: ರೈಲಿನ ಎಡಗಡೆ

ಅಲ್ಮೇರೆಯಿಂದ ಲೇಲಿಸ್ಟಾಡಿಗೆ ಹೋಗುವ ರೈಲಿನಲ್ಲಿ ಎಡಗಡೆಯ ಕಿಟಕಿ ಹಿಡಿಯಬೇಕು. ಊರಿನ ಕೊನೆಯ ಮನೆಗಳು ದಾಟಿದ್ದೇ ತಡ, ತಂತಿಬೇಲಿಯ ಆಚೆ ಜೊಂಡು, ನೀರು, ಕಣ್ಣು ಹಾಯುವಷ್ಟು ದೂರ ಬೋಳು ಹುಲ್ಲುಗಾವಲು. ಅದರಲ್ಲಿ ಬೂದಿ ಬಣ್ಣದ ಕುದುರೆಗಳು, ಐವತ್ತು ಅರವತ್ತು ಇರಬಹುದು, ಮರಿಗಳ ಸಮೇತ. ಎದುರು ಕುಳಿತ ಹುಡುಗ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. ದಿನಾ ನೋಡುವವನಿಗೆ ಅದೇನು ಹೊಸದಲ್ಲ.

ಆ ಜಾಗದ ಹೆಸರು ಓಸ್ಟ್‌ವಾರ್ಡರ್ಸ್‌ಪ್ಲಾಸನ್. ನಮ್ಮ ನಾಲಿಗೆಗೆ ಮೂರು ದಿನ ಬೇಕು. ಸುಮಾರು 56 ಚದರ ಕಿಲೋಮೀಟರ್. 1968ಕ್ಕೆ ಮುಂಚೆ ಇದು ನೆಲವೇ ಅಲ್ಲ, ನೀರಿನ ತಳ. ನೀರು ಬತ್ತಿಸಿದ ಮೇಲೆ ಕಾರ್ಖಾನೆಗಳಿಗೆಂದು ಮೀಸಲಿಟ್ಟಿದ್ದ ತಗ್ಗು ಪ್ರದೇಶ ಹಾಗೇ ಉಳಿದುಹೋಯಿತು. ಸಾವಿರಾರು ಕಾಡು ಹೆಬ್ಬಾತುಗಳು ಬಂದಿಳಿದು ಜೊಂಡು ಮೇಯತೊಡಗಿದವು. ಬಾತು ಮೇದ ಕಡೆ ಜೌಗು ಮುಚ್ಚಿಹೋಗದೆ ತೆರೆದೇ ಉಳಿಯಿತು. ಇದನ್ನು ಗಮನಿಸಿದ ಫ್ರಾನ್ಸ್ ವೇರಾ ಎಂಬ ಪರಿಸರ ವಿಜ್ಞಾನಿ, ಬಾತು ಇಷ್ಟು ಮಾಡುವುದಾದರೆ ದೊಡ್ಡ ಮೇಯುವ ಪ್ರಾಣಿಗಳು ಎಷ್ಟು ಮಾಡಬಹುದು ಎಂದು ಯೋಚಿಸಿದರು. ಆದರೆ ಯೂರೋಪಿನ ಕಾಡುದನ ಆರಾಕ್ಸ್ ಅಳಿದು ಮುನ್ನೂರೈವತ್ತು ವರ್ಷ ದಾಟಿತ್ತು. ಕಾಡುಕುದುರೆ ತರ್ಪಾನ್ ಕೂಡ ಇರಲಿಲ್ಲ. ಅವುಗಳ ಬದಲಿಗೆ, ಆರಾಕ್ಸಿನಂತೆ ಕಾಣಲೆಂದು ಹೆಕ್ ಎಂಬ ಜರ್ಮನ್ ಅಣ್ಣತಮ್ಮಂದಿರು ತಮ್ಮ ಮೃಗಾಲಯಗಳಲ್ಲಿ ತಳಿ ಎಬ್ಬಿಸಿದ ಹೆಕ್ ದನಗಳನ್ನು 1983ರಲ್ಲಿ ತಂದು ಬಿಟ್ಟರು, 32 ತಲೆ. ಮರುವರ್ಷ ಪೋಲೆಂಡಿನ ಕೊನಿಕ್ ಕುದುರೆಗಳು, 1992ರಲ್ಲಿ ಕೆಂಪು ಜಿಂಕೆ. ಕೊಟ್ಟಿಗೆಯಿಲ್ಲ, ಬಾನಿಯಿಲ್ಲ, ಹಿಂಡಿಯಿಲ್ಲ.

ಲೇಲಿಸ್ಟಾಡ್ ಕಡೆಯ ಸಂದರ್ಶಕರ ಕೇಂದ್ರದ ಹತ್ತಿರ ಬೆಂಚಿನ ಮೇಲೆ ಎಪ್ಪತ್ತರ ಆಸುಪಾಸಿನ ಯಜಮಾನರೊಬ್ಬರು ಕುಳಿತಿದ್ದರು. ಇಲ್ಲಿ ತರಕಾರಿ ಮಾರುವವರಿಗೂ ಇಂಗ್ಲಿಷ್ ಬರುತ್ತದೆ, ಹಾಗಾಗಿ ಮಾತಿಗೆ ಕಷ್ಟವಿಲ್ಲ. ನಾನು ಭಾರತದ ದನದ ಡಾಕ್ಟರ ಕಡೆಯವನು ಎಂದು ತಿಳಿದದ್ದೇ ಅವರು ಬೇಲಿಯ ಕಡೆ ಬೆರಳು ತೋರಿಸಿದರು. "ಅಲ್ಲಿಂದಲೇ ನಾನು ಹುಲ್ಲು ಎಸೆದದ್ದು."

2017–18ರ ಚಳಿಗಾಲದ ಮಾತು. ಬೇಲಿಯೊಳಗೆ ದನ, ಕುದುರೆ, ಜಿಂಕೆ ಎಲ್ಲ ಸೇರಿ ಐದು ಸಾವಿರ ದಾಟಿದ್ದವು. ಪ್ರಕೃತಿಗೆ ಬಿಡಬೇಕು, ಮೇವು ಹಾಕಬಾರದು ಎಂಬುದು ನಿಯಮ. ಹುಲ್ಲು ಮುಗಿಯಿತು. ಮೂರು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಹೋದವು. ನರಳಿ ಸಾಯುವುದು ಬೇಡವೆಂದು ಅರಣ್ಯ ಸಿಬ್ಬಂದಿಯೇ ಗುಂಡಿಟ್ಟವು ಅದರಲ್ಲಿ ಬಹುಪಾಲು. ಪಕ್ಕೆಲುಬು ಎಣಿಸಬಹುದಾದ ಕುದುರೆಗಳ ಚಿತ್ರ ಟಿವಿಯಲ್ಲಿ ಬಂದದ್ದೇ ಜನ ಕಾರಿನಲ್ಲಿ ಒಣಹುಲ್ಲು ಹೇರಿಕೊಂಡು ಬಂದು ಬೇಲಿಯಾಚೆ ಎಸೆದರು. ಆ ಜನರಲ್ಲಿ ಇವರೂ ಒಬ್ಬರು.

"ನಿಮ್ಮ ಮನೆಯವರು ಬರಲಿಲ್ಲವೇ?" ಎಂದಳು ನನ್ನಾಕೆ. ಅವರು ನಕ್ಕರು. "ಅವಳು ಆ ಕಡೆಯವಳು. ಕಾಡು ಎಂದ ಮೇಲೆ ಕಾಡಾಗಿಯೇ ಇರಲಿ ಎನ್ನುವವಳು. ಮನೆಯಲ್ಲಿ ಒಂದು ವಾರ ಮಾತಿರಲಿಲ್ಲ."

ಬರಗಾಲದ ಒಂದು ಬೇಸಿಗೆ ಪೂರ್ತಿ ಗೋಶಾಲೆಯಲ್ಲಿ ಮೇವು ಹಂಚುವ ಕೆಲಸ ಮಾಡಿದ ನನಗೆ ಇದರಲ್ಲಿ ಅನುಮಾನವೇ ಇಲ್ಲ. ಬೇಲಿ ಹಾಕಿದವನ ತಲೆಯ ಮೇಲೆ ಮೇವಿನ ಹೊಣೆಯೂ ಬಂತು. ಬೇಲಿ ಇಲ್ಲದಿದ್ದರೆ ಆ ಕುದುರೆಗಳು ಚಳಿಗೆ ಮುಂಚೆಯೇ ಎತ್ತರದ ನೆಲ ಹುಡುಕಿಕೊಂಡು ಹೋಗಿರುತ್ತಿದ್ದವು. ಆಮೇಲೆ ಸರ್ಕಾರ ಸಮಿತಿ ಕೂರಿಸಿ ಪ್ರಾಣಿಗಳ ಸಂಖ್ಯೆಗೆ ಮಿತಿ ಹಾಕಿತು. ಅಂದರೆ ಕೊನೆಗೆ ಕಾಡಿಗೂ ಲೆಕ್ಕದ ಪುಸ್ತಕ ಬಂತು.

ರಾತ್ರಿ ತಮ್ಮನಿಗೆ ಫೋನಿನಲ್ಲಿ ಫೋಟೋ ಕಳಿಸಿದೆ. "ಎಷ್ಟು ಲೀಟರ್ ಕೊಡುತ್ತದೆ ಅಣ್ಣಾ?" ಎಂದು ಉತ್ತರ ಬಂತು.

ಎರಡನೆಯ ದಿನ: ಗಾಳಿ ಎಂಬ ಬೆಟ್ಟ

ಅಳಿಯ ಬ್ಯಾಟರಿ ಸೈಕಲ್ಲು ಕೊಡಿಸಿದ. ಅಲ್ಮೇರೆಗೂ ಲೇಲಿಸ್ಟಾಡಿಗೂ ನಡುವೆ ಏರಿಯ ಮೇಲೆ ಇಪ್ಪತ್ತು ಕಿಲೋಮೀಟರಿಗೂ ಉದ್ದದ ದಾರಿ. ಒಂದು ಕಡೆ ಮಾರ್ಕರ್‌ಮೇರ್ ಸರೋವರ ಏರಿಯ ಅಂಚಿಗೆ ಬಡಿಯುತ್ತದೆ, ಇನ್ನೊಂದು ಕಡೆ ನೆಲ ಅದಕ್ಕಿಂತ ಆಳದಲ್ಲಿ, ಬಟ್ಟಲಿನಂತೆ. ನಮ್ಮ ಕೆರೆ ಏರಿಯ ಮೇಲೆ ನಿಂತು ಅಚ್ಚುಕಟ್ಟು ನೋಡಿದ ಹಾಗೆಯೇ, ಆದರೆ ಅಚ್ಚುಕಟ್ಟಿನಲ್ಲಿ ಗದ್ದೆಯ ಬದಲು ಕಾಡು.

ಮಾಡಿದ ತಪ್ಪು ಇಷ್ಟೇ: ಸೈಕಲ್ಲನ್ನು ಬೆಳಿಗ್ಗೆ ರೈಲಿನಲ್ಲಿ ಲೇಲಿಸ್ಟಾಡಿಗೆ ಒಯ್ದು, ಅಲ್ಲಿಂದ ಮನೆ ಕಡೆಗೆ ತುಳಿದೆವು. (ಕೆಲಸದ ದಿನ ಒಂಬತ್ತು ಗಂಟೆಗೆ ಮುಂಚೆ ಸೈಕಲ್ಲನ್ನು ರೈಲಿಗೆ ಹತ್ತಿಸಲು ಬಿಡುವುದಿಲ್ಲ; ಅದೊಂದು ಅರ್ಧ ಗಂಟೆ ನಿಲ್ದಾಣದಲ್ಲೇ ಹೋಯಿತು.) ಈ ಕಡೆ ಗಾಳಿ ಸಾಮಾನ್ಯವಾಗಿ ನೈರುತ್ಯದಿಂದ. ಅಂದರೆ ಅಲ್ಮೇರೆಯಿಂದ ಹೊರಟವನನ್ನು ಗಾಳಿಯೇ ತಳ್ಳಿಕೊಂಡು ಹೋಗುತ್ತದೆ, ಎದುರಿನಿಂದ ಬರುವವನನ್ನು ಹಿಡಿದು ನಿಲ್ಲಿಸುತ್ತದೆ. ನಾನು ಬ್ಯಾಟರಿಯನ್ನು ಕೊನೆಯ ಗುಂಡಿಗೆ ಒತ್ತಿ ಹಾಯಾಗಿ ತುಳಿದೆ. ಅರ್ಧ ದಾರಿಯಲ್ಲಿ ಅದು ಕಣ್ಣು ಮುಚ್ಚಿತು. ಬ್ಯಾಟರಿ ಸತ್ತ ಆ ಸೈಕಲ್ಲು ತುಂಬಿದ ಗೊಬ್ಬರದ ಗಾಡಿಯಷ್ಟು ಭಾರ. ಕೈಯಲ್ಲಿ ನೂಕುತ್ತಾ ನಡೆದೆ.

ದುರ್ಬೀನಿನ ತ್ರಿಪಾದಿ ಹೂಡಿ ನಿಂತಿದ್ದ ಮಧ್ಯವಯಸ್ಸಿನ ಹೆಂಗಸೊಬ್ಬರು ನನ್ನ ಸ್ಥಿತಿ ನೋಡಿ, "ನಮ್ಮ ದೇಶದಲ್ಲಿ ಬೆಟ್ಟವಿಲ್ಲ, ಆ ಕೊರತೆಯನ್ನು ಗಾಳಿ ತುಂಬುತ್ತದೆ" ಎಂದರು. ನಮ್ಮ ಬುತ್ತಿಯಲ್ಲಿ ಬ್ರೆಡ್ಡು, ಗೌಡಾ ಚೀಸು, ನಡುವೆ ಶೇಂಗಾ ಚಟ್ನಿಪುಡಿ. ಅವರಿಗೂ ಒಂದು ಕೊಟ್ಟೆವು. ಕೆಮ್ಮು ನಿಂತ ಮೇಲೆ ಇನ್ನೊಂದು ಕೇಳಿ ತಿಂದರು.

ಅವರ ದುರ್ಬೀನಿನಲ್ಲಿ ಹೆಕ್ ದನಗಳು ಸಿಕ್ಕವು. ಹನ್ನೆರಡೋ ಹದಿಮೂರೋ. ಕಪ್ಪು ಹೋರಿಯೊಂದರ ಬೆನ್ನುಹುರಿಯ ಮೇಲೆ ತೆಳು ಬಿಳಿ ಗೆರೆ, ಮೂತಿಯ ಸುತ್ತ ಹಿಟ್ಟಿನಲ್ಲಿ ಅದ್ದಿದ ಹಾಗೆ ಬಿಳಿ ಉಂಗುರ. ಕರುಗಳು ಕೆಂಚು, ಹೋರಿಗರುಗಳು ಬೆಳೆಯುತ್ತಾ ಕಪ್ಪಾಗುತ್ತವೆ. ಇಷ್ಟೂ ಆರಾಕ್ಸಿನ ಲಕ್ಷಣವೇ. ಆದರೆ ಸಂತೆಯಲ್ಲಿ ದನ ನೋಡಿದ ಕಣ್ಣು ಕಾಲಿನಿಂದ ಶುರುಮಾಡುತ್ತದೆ. ಕಾಲು ಗಿಡ್ಡ, ಹೊಟ್ಟೆ ಪೀಪಾಯಿ. ಕೊಂಬು ಮೇಲಕ್ಕೆದ್ದು ಹೊರಗೆ ಚಾಚಿದೆ. ಮೂಳೆಗಳಲ್ಲಿ, ಗುಹೆಯ ಚಿತ್ರಗಳಲ್ಲಿ ಸಿಗುವ ಆರಾಕ್ಸಿನ ಕೊಂಬು ಮುಂದಕ್ಕೆ ಬಾಗಿ ತುದಿಯಲ್ಲಿ ಒಳಕ್ಕೆ ತಿರುಗುತ್ತದೆ, ಇರಿಯಲು ಸಿದ್ಧವಾದ ಹಾಗೆ. ಆರಾಕ್ಸ್ ಹೋರಿಯ ಭುಜದ ಎತ್ತರ 160ರಿಂದ 180 ಸೆಂಟಿಮೀಟರ್. ಹೆಕ್ ಹೋರಿ 140ರ ಹತ್ತಿರ. ಅಣ್ಣನ ಅಂಗಿ ತೊಟ್ಟ ತಮ್ಮನಂತೆ.

ಕಿವಿಯಲ್ಲಿ ಬಿಲ್ಲೆ ಇದೆಯೇ ಎಂದು ಬಹಳ ಹೊತ್ತು ನೋಡಿದೆ. ಅಷ್ಟು ದೂರಕ್ಕೆ ಕಾಣಿಸಲಿಲ್ಲ.

ಮೂರನೆಯ ದಿನ: ಸಗಣಿಯ ಮುಂದೆ ಮೊಣಕಾಲೂರಿ

ಶನಿವಾರ. ಅಳಿಯನ ಕಾರಿನಲ್ಲಿ ದಕ್ಷಿಣಕ್ಕೆ, ಮಾಸ್ ನದಿಯ ದಂಡೆಯ ಕೇಂಟ್ ಎಂಬ ಪುಟ್ಟ ಜಾಗಕ್ಕೆ. ನದಿಯನ್ನು ನೇರಮಾಡಿದಾಗ ಹಳೆಯ ಪಾತ್ರ ಬಳೆಯ ತುಂಡಿನಂತೆ ಉಳಿದು, ಅದರ ಮಡಿಲಲ್ಲಿ ಸಿಕ್ಕಿಕೊಂಡ ನೆಲ ಇದು. ರೈಲಿನಲ್ಲಿ ಬರುವವರು ರಾವನ್‌ಸ್ಟೈನಿನಲ್ಲಿ ಇಳಿದು ಸೈಕಲ್ ತುಳಿದರಾಯಿತು. ಮೊಣಕಾಲುದ್ದದ ಬೂಟು ಮರೆಯಬೇಡಿ. ನಾನು ಮರೆತಿದ್ದೆ.

ಹೆಕ್ ದನಗಳಲ್ಲಿ ತೃಪ್ತಿಯಾಗದವರು 2008ರಲ್ಲಿ ಶುರುಮಾಡಿದ ಹೊಸ ಪ್ರಯತ್ನದ ಹೆಸರು ಟೌರೋಸ್. ಇವರು ಮೃಗಾಲಯದಲ್ಲಿ ಸಿಕ್ಕಿದ್ದನ್ನು ಬೆರೆಸಲಿಲ್ಲ. ಇಟಲಿಯ ಮಾರೆಮ್ಮಾನಾ, ಸ್ಪೇನಿನ ಸಯಾಗೇಸಾ, ಪೋರ್ಚುಗಲ್ಲಿನ ಮಾರೊನೇಸಾ, ಹೀಗೆ ಗುಡ್ಡಗಾಡಿನ ಬಡರೈತರ ಬಳಿ ಹಳೆಯ ಲಕ್ಷಣ ಉಳಿಸಿಕೊಂಡಿದ್ದ ನಾಟಿ ತಳಿಗಳನ್ನು ಆರಿಸಿದರು. ಒಂದರಿಂದ ಎತ್ತರ, ಒಂದರಿಂದ ಕೊಂಬು, ಇನ್ನೊಂದರಿಂದ ಮೈಬಣ್ಣ. ಜೊತೆಗೆ ಹಳೆಯ ಮೂಳೆಯಿಂದ ತೆಗೆದ ಡಿಎನ್ಎ ಇಟ್ಟುಕೊಂಡು ಹೋಲಿಕೆ. ಬ್ರಿಟನ್ನಿನಲ್ಲಿ ಸಿಕ್ಕ 6,750 ವರ್ಷ ಹಳೆಯ ಆರಾಕ್ಸ್ ಮೂಳೆಯ ಪೂರ್ಣ ಜೀನೋಮು 2015ರಲ್ಲಿ ಪ್ರಕಟವಾದ ಮೇಲೆ ಈ ಹೋಲಿಕೆಗೆ ಬಲ ಬಂದಿದೆ.

ಗೇಟಿನ ಹತ್ತಿರದ ಫಲಕ ಹೇಳುವುದು ಇಷ್ಟೇ: 25 ಮೀಟರ್ ದೂರವಿರಿ, ತಿನ್ನಲು ಕೊಡಬೇಡಿ. ಹಸು ಕರುವಿನ ನಡುವೆ ನುಗ್ಗಬಾರದೆಂದು ನನಗೆ ಯಾರೂ ಫಲಕದಲ್ಲಿ ಬರೆದು ಹೇಳಬೇಕಿಲ್ಲ.

ಕಾಲುದಾರಿಯ ಮೊದಲ ತಿರುವಿನಲ್ಲೇ ಸಗಣಿ ಕಂಡಿತು. ಹಳೆಯ ಚಾಳಿ, ಮೊಣಕಾಲೂರಿ ಕಡ್ಡಿಯಿಂದ ಕೆದಕಿದೆ. ಮೇಲೆ ಒಣಗಿದ ಹಕ್ಕಳೆ. ಅದರ ತುಂಬಾ ಗುಂಡುಸೂಜಿ ಚುಚ್ಚಿದಂತೆ ತೂತುಗಳು. ಒಳಗೆ ಹಸಿರು ಮಾಸದ ನಾರು, ಅದರಲ್ಲಿ ಮಿರಿಮಿರಿ ಕಪ್ಪು ಸಗಣಿಹುಳಗಳು, ಒಂದು ಮುಷ್ಟಿಯಷ್ಟು ಜಾಗದಲ್ಲಿ ಒಂಬತ್ತು ಎಣಿಸಿದೆ. ಜಂತುಹುಳದ ಔಷಧಿ ಕುಡಿಸಿದ ದನದ ಸಗಣಿಯಲ್ಲಿ ಇಷ್ಟು ಹುಳ ಬದುಕುವುದಿಲ್ಲ. ನಮ್ಮೂರ ಡೇರಿ ಹಸುಗಳ ಸಗಣಿ ಮೂರು ದಿನವಾದರೂ ಹಾಗೇ ಬಿದ್ದಿರುವುದನ್ನು ನೋಡಿ, ಔಷಧಿ ಕುಡಿಸಿದವನೇ ನಾನಾದ್ದರಿಂದ, ಒಳಗೊಳಗೇ ನಾಚಿದ್ದುಂಟು. "ಅಪ್ಪಾ, ಜನ ನೋಡುತ್ತಿದ್ದಾರೆ, ಏಳಿ" ಎಂದಳು ಮಗಳು. ಜನ ಎಂದರೆ ಒಬ್ಬರೇ, ನಾಯಿಯ ಸರಪಳಿಯಿದ್ದೂ ನಾಯಿಯಿಲ್ಲದ ಮುದುಕರು. ನಾಯಿಯನ್ನು ಗೇಟಿನಾಚೆ ಕಾರಿನಲ್ಲಿ ಬಿಟ್ಟು ಬಂದಿದ್ದರಂತೆ.

ಆಮೇಲೆ ಹಿಂಡು ಬಂತು. ನದಿಗೆ ನೀರಿಗಿಳಿದಿದ್ದವು, ಸಾಲಾಗಿ ಏರಿ ನಮ್ಮ ದಾರಿಯ ಮೇಲೇ ನಿಂತವು. ಮುಂದೆ ಮುದಿ ಹಸು, ಕೆಂಗಪ್ಪು, ಕಾಲು ಉದ್ದ, ಕೆಚ್ಚಲು ಆಡಿನದರಷ್ಟೇ. ಕರುವಿಗೆ ಸಾಕಾಗುವಷ್ಟು ಹಾಲು, ಒಂದು ಲೋಟವೂ ಹೆಚ್ಚಿಲ್ಲ; ತಮ್ಮನಿಗೆ ಉತ್ತರ ಸಿಕ್ಕಿತು. ಹಿಂದೆ ಹೋರಿ. ಮುಂಗಾಲಿನಿಂದ ಮರಳು ಕೆರೆದು, ಕೊಂಬಿನಿಂದ ಗುಮ್ಮಿ, ಭುಜದ ಮೇಲೆ ಎರಚಿಕೊಂಡಿತು. ಅದು ಕೆರೆದೂ ಕೆರೆದೂ ಅಲ್ಲೊಂದು ಗುಂಡಿಯೇ ಆಗಿದೆ. ಇಂಥ ಗುಂಡಿಗಳ ಬೋಳು ಮರಳಿನಲ್ಲಿ ಕಾಡುಜೇನಿನ ಜಾತಿಯ ಒಂಟಿಹುಳಗಳು ಗೂಡು ಕೊರೆಯುತ್ತವೆ ಎಂದರು ಆ ಮುದುಕರು. ಹೋರಿ ಗುಟುರು ಹಾಕಿದಾಗ ನನ್ನ ಎಡಗೈ ತಾನಾಗಿಯೇ ಹಿಂದೆ ಸರಿಯಿತು.

ಹಿಂಡು ಕದಲಲಿಲ್ಲ. ನಾವೂ ಕದಲಲಿಲ್ಲ. ಐವತ್ತು ನಿಮಿಷ. ಸೊಂಟದೆತ್ತರದ ಹುಲ್ಲಿನಲ್ಲಿ ನಿಂತು ನಾಲ್ವರೂ ಹುರಿಹಿಟ್ಟಿನ ಉಂಡೆ ತಿಂದೆವು. ಆಗ ಮುದಿ ಹಸು ನಮ್ಮ ಕಡೆ ತಿರುಗಿ ಕಿವಿ ಬೀಸಿತು.

ಎರಡೂ ಕಿವಿಯಲ್ಲಿ ಹಳದಿ ಬಿಲ್ಲೆ!

ನಾನು ನಕ್ಕ ಸದ್ದಿಗೆ ಅಳಿಯ ಗಾಬರಿಯಾಗಿ, "ಮಾವ, ಮೆಲ್ಲಗೆ" ಎಂದ. ಯೂರೋಪಿನ ಕಾನೂನಿನಲ್ಲಿ ದನವೆಂದರೆ ಸಾಕುಪ್ರಾಣಿ, ಸಾಕುಪ್ರಾಣಿ ಎಂದರೆ ಬಿಲ್ಲೆ. ಸಾವಿರಾರು ವರ್ಷ ಹಿಂದಕ್ಕೆ ಹೊರಟ ದನ ನೋಂದಣಿ ಪುಸ್ತಕದ ಮುಂದೆ ನಿಂತು ಸಹಿ ಹಾಕಿಯೇ ಹೋಗಬೇಕು. ಹಿಂಡು ಬೆಳೆದಾಗ ಹೆಚ್ಚಾದವುಗಳ ಮಾಂಸವನ್ನು ಕಾಡುಮಾಂಸವೆಂದು ಮಾರುತ್ತಾರೆ ಎಂದೂ ತಿಳಿಯಿತು. ತೋಳವಿಲ್ಲದ ಕಡೆ ತೋಳದ ಕೆಲಸವನ್ನು ಯಾರಾದರೂ ಮಾಡಲೇಬೇಕು, ಅದು ಸರಿ. ಆದರೂ ಆ ಹೊತ್ತು ಮಧ್ಯಾಹ್ನದ ಊಟಕ್ಕೆ ನಾವು ಕರಿದ ಆಲೂಗಡ್ಡೆಯನ್ನಷ್ಟೇ ಕೇಳಿದೆವು.

ನಾಲ್ಕನೆಯ ದಿನ: ಮಳೆಯಲ್ಲಿ ನಿಯಾಂಡರ್ಟಾಲ್

ರಾತ್ರಿ ಡ್ಯುಸೆಲ್ಡಾರ್ಫಿನಲ್ಲಿ ತಂಗಿ, ಬೆಳಿಗ್ಗೆ ಹತ್ತಿರದ ಮೆಟ್‌ಮನ್ನಿಗೆ. ಎಸ್-28 ರೈಲು ನಿಯಾಂಡರ್ಟಾಲ್ ಎಂಬ ನಿಲ್ದಾಣದಲ್ಲೇ ಇಳಿಸುತ್ತದೆ. ಹೌದು, ಅದೇ. 1856ರಲ್ಲಿ ಸುಣ್ಣಕಲ್ಲಿನ ಗಣಿಯ ಕೂಲಿಗಳಿಗೆ ನಿಯಾಂಡರ್ಟಾಲ್ ಮಾನವನ ಆ ಮೂಳೆಗಳು ಸಿಕ್ಕ ಕಣಿವೆ. ಹದಿನೇಳನೆಯ ಶತಮಾನದ ಪಾದ್ರಿ ಯೋವಾಕಿಮ್ ನೇಯಾಂಡರ್ ಹೆಸರು ಕಣಿವೆಗೆ ಬಂತು. ಆ ಮನೆತನದ ಹೆಸರಿಗೆ ಗ್ರೀಕಿನಲ್ಲಿ 'ಹೊಸ ಮನುಷ್ಯ' ಎಂದರ್ಥ. ಹಳೆಯ ಮನುಷ್ಯನಿಗೆ ಕೊನೆಗೆ ಆ ಹೆಸರೇ ಅಂಟಿತು. ಗುಹೆಯನ್ನೂ ಕಣಿವೆಯ ಗೋಡೆಗಳನ್ನೂ ಗಣಿ ತಿಂದುಹಾಕಿದೆ.

ಮ್ಯೂಸಿಯಮ್ಮಿನಿಂದ ಕಾಡಿನ ದಾರಿ ಹಿಡಿದರೆ ಹಿಮಯುಗದ ಪ್ರಾಣಿಗಳ ಆವರಣ. 1935ರಿಂದ ಇದೆ, ಟಿಕೆಟ್ ಇಲ್ಲ. ಕಾಡೆಮ್ಮೆಯ ಜಾತಿಯ ವಿಸೆಂಟ್, ಹೆಕ್ ದನ, ಹೆಕ್ ಕುದುರೆ. ಧೋ ಎಂದು ಮಳೆ. ಕೊಡೆ ಒಂದು, ತಲೆ ನಾಲ್ಕು. ಹೆಕ್ ಹಸುವೊಂದು ಬೇಲಿಯ ಕಂಬಕ್ಕೆ ಕತ್ತು ಉಜ್ಜುತ್ತಾ ನಿಂತಿತ್ತು. ನಿನ್ನೆಯ ಹೋರಿಯ ಮುಂದೆ ಇದು ಪಕ್ಕದ ಮನೆಯ ದನ.

ಈ ದನಗಳ ಹಿಂದಿನ ಅಣ್ಣತಮ್ಮಂದಿರ ಕಥೆ ಅಷ್ಟು ಸಾಧುವಲ್ಲ. ತಂದೆ ಬರ್ಲಿನ್ ಮೃಗಾಲಯದ ನಿರ್ದೇಶಕ. ಮಗ ಲುಟ್ಸ್ ಹೆಕ್ ಆಮೇಲೆ ಅದೇ ಕುರ್ಚಿಗೆ ಬಂದ. ಇನ್ನೊಬ್ಬ ಹೈನ್ಸ್ ಮ್ಯೂನಿಕ್ಕಿನ ಹೆಲ್ಲಾಬ್ರುನ್ ಮೃಗಾಲಯದಲ್ಲಿ. 1920ರ ದಶಕದಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಆರಾಕ್ಸನ್ನು ಮರಳಿ ತರುವ ಕೆಲಸಕ್ಕಿಳಿದರು. ಹಂಗೇರಿಯ ಬೂದು ದನ, ಸ್ಕಾಟ್ಲೆಂಡಿನ ಹೈಲ್ಯಾಂಡ್, ಕಾರ್ಸಿಕಾದ ದನ ಎಲ್ಲವನ್ನೂ ಹೈನ್ಸ್ ಬೆರೆಸಿದ. ಲುಟ್ಸ್ ಸ್ಪೇನಿನ ಕಾಳಗದ ಹೋರಿಗಳ ಬೆನ್ನು ಹತ್ತಿದ. ವಂಶದ ಗುಣಗಳು ಎಲ್ಲಾದರೂ ಚದುರಿ ಉಳಿದಿರುವ ತನಕ ಪ್ರಾಣಿ ಪೂರ್ತಿ ಅಳಿದಿಲ್ಲ, ಕೂಡಿಸಿದರೆ ಬರುತ್ತದೆ ಎಂಬುದು ಹೈನ್ಸನ ವಾದ. 1932ರಲ್ಲಿ ಹುಟ್ಟಿದ ಹೋರಿಯನ್ನು ನೋಡಿ ಬಂತು ಎಂದೇ ಬಿಟ್ಟ. ಹತ್ತು ಹನ್ನೆರಡು ವರ್ಷ ಎಂದರೆ ದನದ ಲೆಕ್ಕದಲ್ಲಿ ಮೂರು ತಲೆಮಾರು. ಜೆರ್ಸಿ ಮಿಶ್ರತಳಿಯ ಎರಡನೆಯ ಸುತ್ತಿನಲ್ಲಿ ಒಂದೇ ಹೋರಿಗೆ ಹುಟ್ಟಿದ ಕರುಗಳು ಒಂದು ಅಜ್ಜಿಯಂತೆ, ಒಂದು ಯಾರಂತೆಯೂ ಅಲ್ಲದ ಹಾಗೆ ಬರುವುದನ್ನು ಕಂಡ ಯಾವ ಹಳ್ಳಿಯ ಪರಿವೀಕ್ಷಕನೂ ಅಷ್ಟು ಬೇಗ ಗೆದ್ದೆ ಎನ್ನುವುದಿಲ್ಲ.

ಲುಟ್ಸ್ ನಾಜಿ ಪಕ್ಷದವನು, ಹಿಟ್ಲರನ ಮಂತ್ರಿ ಗೋರಿಂಗನ ಬೇಟೆಯ ಗೆಳೆಯ. ಪುರಾತನ ಜರ್ಮನ್ ಕಾಡಿನಲ್ಲಿ ಪುರಾತನ ಹೋರಿಯನ್ನು ಬೇಟೆಯಾಡುವ ಕನಸಿಗೆ ಇವನ ದನಗಳು ಬೇಕಾಗಿದ್ದವು. ಯುದ್ಧದಲ್ಲಿ ಬರ್ಲಿನ್ ದನಗಳ ವಂಶ ನಿರ್ನಾಮವಾಯಿತು. ಇಂದಿರುವವೆಲ್ಲ ಮ್ಯೂನಿಕ್ ಕಡೆಯವು. ಮೊಮ್ಮಗಳ ಕೈಹಿಡಿದು ಬಂದಿದ್ದ ಜರ್ಮನ್ ಅಜ್ಜನೊಬ್ಬರ ಹತ್ತಿರ ಈ ಮಾತು ತೆಗೆದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದನಕ್ಕೆ ಅದು ಗೊತ್ತಿಲ್ಲ" ಎಂದರು. ಮೊಮ್ಮಗಳು ಹೆಸರು ಹಿಡಿದು ಹಸುವನ್ನು ಕರೆಯುತ್ತಿದ್ದಳು.

ಸಂಜೆ ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಬೇಯಿಸಿದ ರೈಬೆಕೂಹನ್, ಮೇಲೆ ಸೇಬಿನ ಗೊಜ್ಜು. ಬಿಸಿಬಿಸಿ, ಅಂಚು ಗರಿಗರಿ. "ಇದಕ್ಕೆ ಒಂದು ಹಸಿಮೆಣಸಿನಕಾಯಿ ಬಿದ್ದಿದ್ದರೆ..." ಎಂದಳು ನನ್ನಾಕೆ. ಆದರೂ ಎರಡು ತಟ್ಟೆ ಖಾಲಿ.

ಐದನೆಯ ದಿನ: ಕುದುರೆಗೆ ಪಾಸ್‌ಪೋರ್ಟು

ಅಳಿಯ ಕೆಲಸಕ್ಕೆ ವಾಪಸ್ಸು. ನಾವು ಮೂವರು ರೈಲಿನಲ್ಲಿ ಲಿಪ್‌ಸ್ಟಾಟಿಗೆ. ಊರಾಚೆ ಲಿಪ್ಪೆ ನದಿಗೆ ಅದರ ಹಳೆಯ ಅಂಕುಡೊಂಕನ್ನು ಮರಳಿ ಕೊಟ್ಟು, ದಂಡೆಯ ಹುಲ್ಲುಗಾವಲಿಗೆ ದನ, ಕುದುರೆ ಬಿಟ್ಟಿದ್ದಾರೆ. ಹೆಲ್ಲಿಂಗ್‌ಹೌಸನ್ ಹತ್ತಿರ ಮರದ ವೀಕ್ಷಣಾ ಗೋಪುರವಿದೆ; ಬೆಳಿಗ್ಗೆ ಬೇಗ ಹೋದರೆ ಸೂರ್ಯ ಬೆನ್ನಿಗಿರುತ್ತಾನೆ. ಇಲ್ಲಿಯವರು 1996ರಿಂದ ಹೆಕ್ ದನಕ್ಕೇ ಇಟಲಿಯ ಎತ್ತರದ ಕಿಯಾನಿನಾ, ಸ್ಪೇನಿನ ಸಯಾಗೇಸಾ ಸೇರಿಸುತ್ತಾ ಬಂದಿದ್ದಾರೆ. ಕಾಲು ಉದ್ದವಾಗಿದೆ, ಮುಖ ನೀಳವಾಗಿದೆ. ಮಂಜಿನಲ್ಲಿ ಹೊಟ್ಟೆಯವರೆಗೆ ಮುಳುಗಿ ನಿಂತ ಒಂದು ಹೋರಿಯನ್ನು ಕಂಡಾಗ, ನಿಜ ಹೇಳುತ್ತೇನೆ, ಗೋಪುರದ ಮೇಲೂ ಒಂದು ಹೆಜ್ಜೆ ಹಿಂದಿಟ್ಟೆ. ಮಂಜು ಸರಿಯಿತು. ಕಿವಿಯಲ್ಲಿ ಹಳದಿ.

ಹೆದರಿಕೆಯೂ ಈ ಕೆಲಸದ ಭಾಗವೇ. ಇಂಗ್ಲೆಂಡಿನ ಡೆವನ್ನಿನ ರೈತರೊಬ್ಬರು 2009ರಲ್ಲಿ ಹೆಕ್ ದನ ತರಿಸಿ, ಹಾಯಲು ಬರುತ್ತಿದ್ದ ಕೆಲವನ್ನು ಕೊನೆಗೆ ಕಡಿಸಬೇಕಾಯಿತು. ನಮ್ಮ ಅಮೃತಮಹಲ್ ಕಾವಲುಗಳ ದನ ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲವೆಂದು ಹೆಸರಾದವು. ಸೈನ್ಯದ ಫಿರಂಗಿ ಎಳೆದ ಎತ್ತುಗಳ ತಾಯಂದಿರು ಅವು, ವರ್ಷಪೂರ್ತಿ ಬಯಲಲ್ಲೇ. ಅಂದಹಾಗೆ ನಮ್ಮ ಹಿಣಿಲಿನ ದನಗಳ ಮೂಲ ಈ ಯೂರೋಪಿನ ಆರಾಕ್ಸ್ ಅಲ್ಲ. ಭಾರತದ್ದೇ ಆದ ಆರಾಕ್ಸ್ ಬೇರೆ ಇತ್ತು, ನರ್ಮದೆಯ ಹೆಸರು ಹೊತ್ತದ್ದು. "ಹಾಗಾದರೆ ಹಳ್ಳಿಕಾರ್, ಅಮೃತಮಹಲ್ ಕೂಡಿಸಿ ಅದನ್ನೂ ಎಬ್ಬಿಸಬಹುದೇ?" ಎಂದು ಮಗಳು ಕೇಳಿದಳು. "ಎಬ್ಬಿಸಿ ಎಲ್ಲಿ ಬಿಡುತ್ತೀರಿ? ಗೋಮಾಳ ಎಲ್ಲಿ ಉಳಿದಿದೆ?" ಎಂದಳು ನನ್ನಾಕೆ. ಅಲ್ಲಿಗೆ ಆ ಯೋಜನೆ ಮುಗಿಯಿತು.

ಗೋಪುರದ ಕೆಳಗೆ ಕೊನಿಕ್ ಕುದುರೆಗಳು. ಇಲಿಯ ಬಣ್ಣ, ಬೆನ್ನ ಮೇಲೆ ಕಪ್ಪು ಗೆರೆ. ಕೊನೆಯ ತರ್ಪಾನ್ 1909ರಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಸೆರೆಯಲ್ಲೇ ಸತ್ತಿತು. ಪೋಲೆಂಡಿನ ರೈತರ ಗಿಡ್ಡ ಕುದುರೆಗಳಲ್ಲಿ ಅದರ ರಕ್ತವಿದೆ ಎಂದು ನಂಬಿ ಅಲ್ಲಿನ ಪ್ರಾಣಿವಿಜ್ಞಾನಿ ತಾದೆಉಷ್ ವೆತುಲಾನಿ 1936ರಲ್ಲಿ ಬಿಯಾವೊವೀಜಾ ಕಾಡಿನಲ್ಲಿ ತಳಿ ಎಬ್ಬಿಸಲು ಹೊರಟ. ಡಿಎನ್ಎ ನೋಡಿದವರು ಬೇರೆಯೇ ಹೇಳುತ್ತಾರೆ: ಕೊನಿಕ್ ಉಳಿದ ಸಾಕುಕುದುರೆಗಳಿಗಿಂತ ಕಾಡಿಗೆ ಹತ್ತಿರವೇನಲ್ಲ, ತರ್ಪಾನ್ ತಾನೇ ಒಂದು ಬೆರಕೆ ಎಂದು 2021ರ ಅಧ್ಯಯನ ತೋರಿಸಿತು. ಕುದುರೆಗಳು ಮಾತ್ರ ಇದಾವುದನ್ನೂ ತಲೆಗೆ ಹಚ್ಚಿಕೊಳ್ಳದೆ ಮುಳ್ಳುಗಿಡದ ತೊಗಟೆ ಕೆರೆದು ತಿನ್ನುತ್ತಿದ್ದವು. ಯೂರೋಪಿನಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್ ಇರಬೇಕೆಂಬ ನಿಯಮ ಮಗಳು ಓದಿ ಹೇಳಿದಳು. ವೀಸಾಕ್ಕಾಗಿ ಮೂರು ಸಲ ಬ್ಯಾಂಕ್ ಪಟ್ಟಿ ತೆಗೆಸಿದ್ದ ನನಗೆ ಆ ಮರಿಗಳ ಮೇಲೆ ಸಣ್ಣ ಅಸೂಯೆ.

ಆರನೆಯ ದಿನ

ರೈಲು, ತಡ, ತಪ್ಪಿಹೋದ ಸಂಪರ್ಕ, ಬರ್ಲಿನ್, ಮತ್ತೆ ರೈಲು. ವಾರ್ಸಾ ತಲುಪಿದಾಗ ಕತ್ತಲೆ. ಅವಲಕ್ಕಿ ಮೊಸರು.

ಏಳನೆಯ ದಿನ: ತೂರ್

ವಾರ್ಸಾದಿಂದ ಒಂದು ಗಂಟೆಯೊಳಗೆ ಲೋಕಲ್ ರೈಲು ಯಾಕ್ತೋರುಫಿನಲ್ಲಿ ಬಿಡುತ್ತದೆ. ಸಾಧಾರಣ ಊರು. ಅಂಗಡಿಯಲ್ಲಿ ದಾರಿ ಕೇಳಲು ಮಗಳು ಮೊಬೈಲಿನ ಅನುವಾದ ತೆಗೆಯುವಷ್ಟರಲ್ಲಿ ನಾನು ಎರಡೂ ಕೈ ತಲೆಗಿಟ್ಟು ಕೊಂಬು ಮಾಡಿದೆ. ಅಂಗಡಿಯಾಕೆ "ಆ, ತೂರ್!" ಎಂದು ಬಾಗಿಲಿಗೆ ಬಂದು ಕೈ ತೋರಿಸಿದಳು.

ಪೋಲಿಷ್ ಭಾಷೆಯಲ್ಲಿ ಆರಾಕ್ಸಿಗೆ ತೂರ್ ಎನ್ನುತ್ತಾರೆ. ಹಳಗನ್ನಡದಲ್ಲಿ ದನಕ್ಕೆ ತುರು. ನಂಟೇನೂ ಇಲ್ಲ, ಕಾಕತಾಳೀಯ. ಆದರೆ ತುರುಗೋಳಿನ ವೀರಗಲ್ಲುಗಳ ಸೀಮೆಯಿಂದ ಬಂದವನ ಕಿವಿ ನೆಟ್ಟಗಾಗದೆ ಇರುತ್ತದೆಯೇ? ನಮ್ಮಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು. ಇಲ್ಲಿ ದನಕ್ಕೇ ಕಲ್ಲು. ದೊಡ್ಡ ಗುಂಡು, ಅದರ ಮೇಲೆ ಅಕ್ಷರ: ತೂರ್, ಸಾಕುದನಗಳ ಪೂರ್ವಜ, ಯಾಕ್ತೋರುಫ್ ಕಾಡಿನಲ್ಲಿ 1627ರವರೆಗೆ ಬದುಕಿತ್ತು.

ಕೊನೆಯದು ಒಂದು ಹಸು. ಅದಕ್ಕೆ ಏಳು ವರ್ಷ ಮುಂಚೆ, 1620ರಲ್ಲಿ, ಕೊನೆಯ ಹೋರಿ ಸತ್ತಿತು; ಅದರ ಕೊಂಬು ಈಗ ಸ್ಟಾಕ್‌ಹೋಮಿನ ರಾಜರ ಶಸ್ತ್ರಾಗಾರದಲ್ಲಿದೆ, ಕಹಳೆಯಾಗಿ. ಏಳು ವರ್ಷ ಒಂದೇ ಹಸು ಆ ಕಾಡಿನಲ್ಲಿ ಓಡಾಡಿತು ಎನ್ನುವುದನ್ನು ಓದಿ ತಿಳಿಯುವುದು ಬೇರೆ, ಅಲ್ಲಿ ನಿಂತು ನೆನೆಯುವುದು ಬೇರೆ. ಬೆದೆಗೆ ಬಂದ ಹಸು ಇಡೀ ರಾತ್ರಿ ಕೂಗುವುದನ್ನು ಕೇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇಲ್ಲಿಗೆ ಬರುವ ಮುಂಚೆ ಓದಿಕೊಂಡ ಒಂದು ವಿಷಯವನ್ನು ಆ ಕಲ್ಲಿನ ಮುಂದೆ ಹೆಂಡತಿಗೆ ಹೇಳಿದೆ. ಈ ಕಾಡುದನಗಳು ಯಾರದೂ ಅಲ್ಲದವುಗಳೇನಲ್ಲ, ಪೋಲೆಂಡಿನ ರಾಜನವು. ಊರಿನವರಿಗೆ ಕಂದಾಯ ಮಾಫಿ. ಬದಲಿಗೆ ಅವರು ಈ ದನಗಳನ್ನು ಕಾಯಬೇಕು. 1564ರಲ್ಲಿ ರಾಜನ ಆಳುಗಳು ಎಣಿಸಿ 38 ಎಂದು ಬರೆದರು, ಬಿಲ್ಲೆಯೊಂದನ್ನು ಹೊಡೆಯಲಿಲ್ಲ ಅಷ್ಟೇ. ಊರ ದನಗಳು ಅದೇ ಹುಲ್ಲಿಗೆ ಬಂದವು, ಬಂದ ದನಗಳ ಜೊತೆ ರೋಗವೂ ಬಂತು. ಚಳಿಗಾಲದಲ್ಲಿ ಮೇವು ಸಿಗದಾಗ ಈ ಕಾಡುದನಗಳಿಗೆ ಕಾವಲಿನವರು ಒಣಹುಲ್ಲು ಹಾಕುತ್ತಿದ್ದರು.

ಅವಳು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದಳು. "ಹಾಗಾದರೆ ಲೇಲಿಸ್ಟಾಡಿನ ಆ ಯಜಮಾನರು ಹೊಸದೇನೂ ಮಾಡಲಿಲ್ಲ ಅನ್ನಿ."

ಅವರ ಹೆಸರಾಗಲಿ ನಂಬರಾಗಲಿ ಕೇಳಿಟ್ಟುಕೊಂಡಿರಲಿಲ್ಲ. ಬೆಂಚು ಗೊತ್ತಿದೆ, ವಾಪಸು ಹೋದ ಮೇಲೆ ಒಮ್ಮೆ ಹೋಗಿ ನೋಡುವುದೆಂದು ಮಾತಾಯಿತು. ನಿಲ್ದಾಣದ ಹತ್ತಿರ ಆಲೂಗಡ್ಡೆ, ಮೊಸರುಗಿಣ್ಣು ತುಂಬಿದ ಪಿಯೆರೋಗಿ ಸಿಕ್ಕಿತು, ಥೇಟ್ ನಮ್ಮ ಕಡುಬು. ಚಟ್ನಿಪುಡಿಯ ಡಬ್ಬಿಯ ತಳ ಕೆರೆದು ಅದಕ್ಕೆ ಉದುರಿಸಿದೆವು.